ತಿಮಿಂಗಿಲ ಬಂತು, ಪಂಪಮ್ಮ ಕೂತರು

ನಮ್ಮ ಜವಳಗೇರಾದ ಮಂದಿಗೆ ಒಂದು ರೋಗ ಇದೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೋಗುವಾಗ ಕಾಲುವೆಯಲ್ಲಿ ಒಂದು ಹಾವು ಕಂಡರೆ ಸಾಕು, ಇಪ್ಪತ್ತು ಜನವೂ ಎದ್ದು ಒಂದೇ ಮಗ್ಗುಲಿಗೆ ವಾಲುತ್ತಾರೆ. ಡ್ರೈವರ್ ಬೈಯುತ್ತಾನೆ, ಇವರು ನಗುತ್ತಾರೆ. ಟ್ರಾಲಿ ಭಾರವಾದದ್ದು, ಹೇಗೋ ನಡೆಯುತ್ತದೆ. ಇದೇ ರೋಗವನ್ನು ಸಮುದ್ರಕ್ಕೆ ಒಯ್ದರೆ ಏನಾಗುತ್ತದೆ ಎಂಬುದೇ ಈ ಕಥೆ.

ಭತ್ತದ ಕೊಯ್ಲು ಮುಗಿದಿತ್ತು. ಊರಿನ ಮಹಿಳಾ ಸಂಘದವರು ಒಂದು ಗಾಡಿ ಮಾಡಿಕೊಂಡು ಗೋಕರ್ಣಕ್ಕೆ ಹೊರಟರು. ಗುಂಪಿಗೆ ಪಂಪಮ್ಮ ಹಿರಿಯರು, ಅವರ ಮಾತೇ ಮಾತು. ಸೊಸೆ ರಾಜಶ್ರೀ ಇಬ್ಬರು ಸಣ್ಣ ಮಕ್ಕಳನ್ನು ತವರಿನಲ್ಲಿ ಬಿಟ್ಟು ಜೊತೆಗೆ ಬಂದಿದ್ದಳು. ಸಮುದ್ರ ನೋಡಬೇಕೆಂದು ಓಣಿಯ ಗೆಳತಿ ಲಾಲ್‌ಬೀಯೂ ಬಂದಿದ್ದಳು. ಲಾಲ್‌ಬೀಯ ತಮ್ಮ ಜಾಹೀದ್ ಆರು ವರ್ಷದಿಂದ ಕರಾವಳಿಯ ಮೀನು ದೋಣಿಯಲ್ಲಿ ದುಡಿಯುತ್ತಾನೆ. ಸಮುದ್ರದ ಸುದ್ದಿಯೆಲ್ಲ ಆಕೆಗೆ ಫೋನಿನಲ್ಲೇ ಪಾಠವಾಗಿದೆ.

ಕಾಲುವೆಗೆ ನೀರು ಬಿಟ್ಟಾಗ ಗಂಗವ್ವನಿಗೆ ಉಡಿ ತುಂಬುವವರು ನಾವು. ಇಷ್ಟು ದೊಡ್ಡ ಗಂಗವ್ವನ ಹತ್ತಿರ ಬರಿಗೈಯಲ್ಲಿ ಹೋಗುವುದೇ? ಪಂಪಮ್ಮ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಗಂಟು ಕಟ್ಟಿಕೊಂಡೇ ಬಂದಿದ್ದರು. ಒಂದು ಸಣ್ಣ ಮೋಟಾರು ದೋಣಿ ಗೊತ್ತುಮಾಡಿ ಒಂಬತ್ತು ಜನ ಹತ್ತಿದರು. ದೋಣಿಯವನು ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟ.

"ಯಾರ್ಯಾರೋ ಹಾಕ್ಕೊಂಡು ಬಿಟ್ಟಿದ್ದು, ನಾ ಒಲ್ಲೆ," ಎಂದರು ಪಂಪಮ್ಮ. "ಕೊರಳಾಗ ಲಿಂಗ ಐತಿ, ಅದ ಕಾಯ್ತೈತಿ."

"ಯಕ್ಕಾ, ನಮ್ಮಾಗ ಯಾರಿಗೂ ಈಜು ಬರಂಗಿಲ್ಲ, ಹಾಕ್ಕೋಬೇ," ಎಂದಳು ಲಾಲ್‌ಬೀ. "ಲಿಂಗ ಜಾಕೀಟಿನ ಒಳಗ ಬೆಚ್ಚಗ ಇರ್ತೈತಿ."

ಪಂಪಮ್ಮ ಕೇಳಲಿಲ್ಲ. ಜಾಕೆಟನ್ನು ತೊಡೆಯ ಮೇಲಿಟ್ಟುಕೊಂಡರು. ರಾಜಶ್ರೀಗೆ ತೊಡುವ ಆಸೆ. ಆದರೆ ಅತ್ತೆಯೇ ತೊಡದಿದ್ದನ್ನು ತಾನು ತೊಟ್ಟರೆ ಏನೆಂದುಕೊಂಡಾರು ಎಂದು ಅವಳೂ ತೊಡೆಯ ಮೇಲಿಟ್ಟುಕೊಂಡಳು. ದೋಣಿಯವನು ಹೇಳಿ ಹೇಳಿ ಸೋತು ದೋಣಿ ಬಿಟ್ಟ. ಬಿಡಬಾರದಿತ್ತು.

ದಡ ದೂರವಾಯಿತು. ಪಂಪಮ್ಮ ಗಂಟು ಬಿಚ್ಚುತ್ತಿದ್ದಂತೆಯೇ ಪಕ್ಕದಲ್ಲಿ ಭುಸ್ಸೆಂದು ನೀರು ಮೇಲಕ್ಕೆ ಚಿಮ್ಮಿತು. ಕಪ್ಪು ಬೆನ್ನೊಂದು ಎದ್ದಿತು. ನಮ್ಮ ಸಿಂಧನೂರು ಬಸ್ಸಿಗಿಂತ ಉದ್ದ. ತಿಮಿಂಗಿಲ! ದೋಣಿಯಿಂದ ಹತ್ತು ಮಾರು ದೂರವೂ ಇರಲಿಲ್ಲ.

ದೋಣಿಯವನು ತಟ್ಟನೆ ಮೋಟಾರು ನಿಲ್ಲಿಸಿದ. "ಯಾರೂ ಏಳಬೇಡಿ ಅಮ್ಮಾ, ಕೂತ್ಕೊಳ್ಳಿ!" ಎಂದು ಕೂಗಿದ.

ಯಾರು ಕೇಳುತ್ತಾರೆ? "ಗಂಗವ್ವ ತಾನಾ ಎದ್ದು ಬಂದಾಳಲ್ಲಬೇ!" ಎಂದು ಪಂಪಮ್ಮ ಖಣ ಹಿಡಿದು ನಿಂತೇಬಿಟ್ಟರು. ಹಿರಿಯರು ಎದ್ದ ಮೇಲೆ ಉಳಿದವರೂ ಎದ್ದರು, ಎಲ್ಲರೂ ಅದೇ ಮಗ್ಗುಲಿಗೆ. ದೋಣಿ ವಾಲಿತು. ನೀರು ಒಳಗೆ ನುಗ್ಗಿ ಪಾದ ತೋಯಿಸಿತು.

ಲಾಲ್‌ಬೀ ಒಬ್ಬಳೇ ಹಲಗೆ ಬಿಗಿಹಿಡಿದು ಕೂತಿದ್ದಳು. "ಕುಂದರ್ರಿ!" ಎಂದು ಚೀರಿದಳು. "ಅದು ನಮಗೇನೂ ಮಾಡಾಕ ಬಂದಿಲ್ಲ. ಉಸಿರು ತಗೊಳ್ಳಾಕ ಬಂದೈತಿ, ಹೋಗ್ತೈತಿ. ಮುಳುಗೋ ಮುಂದ ಬಾಲ ಬಡಿತೈತಿ, ತೆರಿ ಬರ್ತಾವ ಅಂತ ನಮ್ಮ ಜಾಹೀದ್ ಹೇಳ್ಯಾನ. ನಿಂತವರು ನೀರಾಗ ಬೀಳ್ತೀರಿ!"

ಕೆಲವರು ಹೆದರಿ ಕೂತರು. ಪಂಪಮ್ಮ ಕೂರಲಿಲ್ಲ. "ದ್ಯಾವ್ರು ಮುಂದ ಬಂದಾಗ ಕುಂತಿರೂದೇನು? ಪಾಪ ಹತ್ತತೈತಿ," ಎಂದರು.

"ಬಸ್ಸಿನಾಗ ಹೋಗೋ ಮುಂದ ಮಸ್ಕಿ ಮಲ್ಲಯ್ಯನ ಗುಡ್ಡ ಕಂಡ್ರ ಎದ್ದು ನಿಂದರ್ತಿಯೇನು? ಕುಂತಲ್ಲೇ ಕೈ ಮುಗಿಯಂಗಿಲ್ಲೇನು? ಯಕ್ಕಾ, ನಿನ್ನ ಪಾಪ ಪುಣ್ಯ ಇರಲಿ, ಹಿಂದ ತಿರುಗಿ ನೋಡು. ನೀ ನಿಂತೀ ಅಂತ ನಿನ್ನ ಸೊಸಿ ನಿಂತಾಳ!" ಎಂದಳು ಲಾಲ್‌ಬೀ.

ಪಂಪಮ್ಮ ತಿರುಗಿದರು. ರಾಜಶ್ರೀ ವಾಲಿದ ಅಂಚಿನಲ್ಲೇ ನಿಂತಿದ್ದಳು. ಮೈಮೇಲೆ ಜಾಕೆಟ್ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಮುಖ ಬಿಳಿಚಿತ್ತು. ಆದರೂ ಅತ್ತೆ ನಿಂತಿರುವಾಗ ಕೂರುವ ಸೊಸೆಯಲ್ಲ ಅವಳು. ಆ ಮನೆಗೆ ಬಂದ ಏಳು ವರ್ಷದಲ್ಲಿ ಒಂದು ದಿನವೂ ಹಾಗೆ ಕೂತಿರಲಿಲ್ಲ.

"ಕುಂದರವ್ವಾ, ಕುಂದರು ನನ್ನವ್ವಾ!" ಎನ್ನುತ್ತ ಪಂಪಮ್ಮ ತಾವು ದೊಪ್ಪನೆ ಕೂತು, ಸೊಸೆಯ ಕೈ ಹಿಡಿದು ಕೆಳಗೆಳೆದುಕೊಂಡರು. ಅಕ್ಕಿ, ಕೊಬ್ಬರಿ ಎಲ್ಲ ದೋಣಿಯಲ್ಲೇ ಚೆಲ್ಲಿತು. ದೋಣಿ ನೆಟ್ಟಗಾಯಿತು.

ಮರುಕ್ಷಣವೇ ದೊಡ್ಡ ಬಾಲವೊಂದು ಮೇಲೆದ್ದು ನೀರಿಗೆ ಬಡಿಯಿತು. ತೆರೆ ಬಂದು ಅಪ್ಪಳಿಸಿತು. ದೋಣಿ ಅತ್ತಿತ್ತ ಹೊಯ್ದಾಡಿತು, ಎಲ್ಲರೂ ತೊಯ್ದು ತೊಪ್ಪೆಯಾದರು. ಆದರೆ ಯಾರೂ ನೀರಿಗೆ ಬೀಳಲಿಲ್ಲ. ಒಬ್ಬರೂ ಬೀಳಲಿಲ್ಲ! ತಿಮಿಂಗಿಲ ದೂರದಲ್ಲಿ ಇನ್ನೊಮ್ಮೆ ಉಸಿರು ಬಿಟ್ಟು ತನ್ನ ದಾರಿ ಹಿಡಿಯಿತು.

ರಾಜಶ್ರೀ ಮೊದಲು ಅತ್ತಳು, ಆಮೇಲೆ ನಕ್ಕಳು. ಅವಳನ್ನು ನೋಡಿ ದೋಣಿಯೆಲ್ಲ ನಕ್ಕಿತು. ಪಂಪಮ್ಮ ಮಾತ್ರ ಸೊಸೆಗೆ ಜಾಕೆಟ್ ತೊಡಿಸಿ, ಒಂದೊಂದಾಗಿ ಬಕಲ್ ಹಾಕಿದರು. ಆಮೇಲೆ ತಾವೂ ತೊಟ್ಟರು.

ಸಂಜೆ ಫೋನಿನಲ್ಲಿ ಇದನ್ನೆಲ್ಲ ಕೇಳಿ ಪಂಪಮ್ಮನವರ ಗಂಡ ಕರಿಬಸಯ್ಯ ನಕ್ಕರು. "ಗಂಗವ್ವ ಬಂದ್ರೂ ಕುಂತಿದ್ದ್ಯಾ? ಉಡೀನೂ ತುಂಬಲಿಲ್ಲೇನು?"

"ಕೇಳ್ರಿಲ್ಲಿ. ಅದರ ಮೈ ಮ್ಯಾಲ ಏನರ ಒಗದಿದ್ರ ಅದು ಬೆದರತಿತ್ತಂತ, ದೋಣಿಯವ ಹೇಳಿದ. ಮುಂದಿನ ತಿಂಗಳ ನೀವೂ ಮಗನ ಕರಕೊಂಡು ಲಿಂಗಸುಗೂರಿನ ಆಕಡಿ ಬೀಗರೂರಿಗೆ ಹೊಂಟೀರಲ್ಲ? ಕೃಷ್ಣಾದಾಗ ಹರಗೋಲ ಹತ್ತಬೇಕು. ಅಲ್ಲಿ ಮೊಸಳಿ ಅದಾವ. ಕಂಡ್ರ ಎದ್ದು ನಿಂದರಬ್ಯಾಡ್ರಿ. ನೀವು ನಿಂತ್ರ ಮಗಾನೂ ನಿಂದರ್ತಾನ."

"ಆತು ಬಿಡು, ಕುಂದರ್ತೀನಿ," ಎಂದರು ಕರಿಬಸಯ್ಯ. "ಆ ಜಾಕೀಟು ಎಲ್ಲಿ ಸಿಗತಾವ ಕೇಳ್ಕೊಂಡು ಬಾ."

ಅಕ್ಕಂದಿರೇ, ಅಣ್ಣಂದಿರೇ, ನಮ್ಮಲ್ಲಿ ಕಡಲಿಲ್ಲ ನಿಜ. ಆದರೆ ಪ್ರವಾಸ ಹೋಗುತ್ತೀರಿ, ಹೊಳೆ ದಾಟುತ್ತೀರಿ. ಸಣ್ಣ ದೋಣಿ ಹತ್ತುವ ಮೊದಲೇ ಜಾಕೆಟ್ ತೊಟ್ಟು ಬಕಲ್ ಹಾಕಿ. ಜಾಕೆಟ್ ಕೊಡದ ದೋಣಿ ಹತ್ತಲೇಬೇಡಿ. ತಿಮಿಂಗಿಲ ದೂರದಲ್ಲಿ ಕಂಡರೆ, ಹತ್ತಿರ ಹೋಗಿ ವಿಡಿಯೊ ಮಾಡೋಣ ಎಂದು ದೋಣಿಯವನ ಜೀವ ತಿನ್ನಬೇಡಿ. ಅದರ ದಾರಿಗೆ ಅಡ್ಡ ಹೋಗುವುದು ಅದಕ್ಕೂ ಕೇಡು, ನಮಗೂ ಕೇಡು. ತಾನಾಗಿ ಹತ್ತಿರ ಬಂದರೆ ಏನನ್ನೂ ಎಸೆಯಬೇಡಿ, ಮುಟ್ಟಲು ಕೈ ಚಾಚಬೇಡಿ. ಅದು ಹೋಗುವತನಕ ದೋಣಿಯವನ ಮಾತು ಕೇಳಿ ಕೂತಲ್ಲೇ ಇರಿ.

ಹಿರಿಯರಲ್ಲಿ ಮಾತ್ರ ಇನ್ನೊಂದು ವಿನಂತಿ. ಮನೆಯಲ್ಲಿ ಎಲ್ಲರೂ ನಿಮ್ಮನ್ನು ನೋಡಿ ನಡೆಯುತ್ತಾರೆ, ಸಂತೋಷ. ದೋಣಿಯಲ್ಲೂ ನಿಮ್ಮನ್ನೇ ನೋಡುತ್ತಾರೆ. ಅದಕ್ಕೇ ಜಾಕೆಟನ್ನು ಮೊದಲು ನೀವು ತೊಡಿ. ಮೊದಲು ನೀವು ಕೂತುಕೊಳ್ಳಿ. ನೀವು ನಿಂತಿದ್ದರೆ ನಿಮ್ಮ ಸೊಸೆ ಕೂರುವುದಿಲ್ಲ.