ಬಲಗಡೆಯ ಅಂಚು

ಕಂಪ್ಯೂಟರ್ ತೆರೆಯ ಬಲ ಅಂಚಿನಲ್ಲಿ ಗೆರೆ ಮೇಲೆದ್ದು ನಿಂತಿತ್ತು. ಅವಳು ಕನ್ನಡಕ ಒರೆಸಿ ಮತ್ತೆ ನೋಡಿದಳು. ಕನ್ನಡಕದ ತಪ್ಪಲ್ಲ.

ಹೋದ ವಾರ ಈ ಲ್ಯಾಬಿನಲ್ಲಿ ತಾನೇ ಪರೀಕ್ಷಿಸಿ ಪಾಸು ಮಾಡಿದ ಔಷಧಿಯ ನಕ್ಷೆ ಅದು. ಔಷಧಿಯನ್ನು ಯಂತ್ರದಲ್ಲಿ ಗರಗರ ತಿರುಗಿಸಿದರೆ ಅದರ ಕಣಗಳು ತಳಕ್ಕೆ ಇಳಿಯುತ್ತವೆ. ಬಿಡಿ ಕಣ ನಿಧಾನ, ಒಂದಕ್ಕೊಂದು ಅಂಟಿಕೊಂಡ ಗಂಟು ಬೇಗ. ನಿಧಾನದ್ದನ್ನು ಎಡಕ್ಕೆ, ಬೇಗದ್ದನ್ನು ಬಲಕ್ಕೆ ಇಟ್ಟು ಸಾಫ್ಟ್‌ವೇರ್ ಒಂದು ಗೆರೆ ಎಳೆಯುತ್ತದೆ. ಒಂದೇ ಗುಡ್ಡ ಎದ್ದರೆ ಔಷಧಿ ಚೊಕ್ಕ. ಬಲಕ್ಕೆ ಇನ್ನೊಂದು ಎದ್ದರೆ ಗಂಟುಗಳಿವೆ ಎಂದರ್ಥ. ಅಂಥದ್ದು ರಕ್ತಕ್ಕೆ ಸೇರಿದರೆ ಕೆಲವರಿಗೆ ಉಸಿರೇ ಕಟ್ಟಬಹುದು.

ವರದಿಗೆ ಹಾಕುವ ಮೊದಲು ನಕ್ಷೆಯ ಎರಡೂ ಬದಿ ಕತ್ತರಿಸುವುದು ಇಲ್ಲಿನ ರೂಢಿ. "ಗುಡ್ಡ ತುಂಬ್ಕೊಂಡು ಕಾಣ್ಲಿ ಕಣಮ್ಮಾ. ಮೇಲಿನವರಿಗೆ ಖಾಲಿ ಬಯಲು ತೋರಿಸಿ ಏನಾಗ್ಬೇಕು?" ಎನ್ನುತ್ತಿದ್ದರು ಮೇಲ್ವಿಚಾರಕರು. ಅವಳೂ ಕತ್ತರಿಸಿದ್ದಳು, ಕತ್ತರಿಸಿದ್ದನ್ನೇ ನೋಡಿ ಸಹಿ ಹಾಕಿದ್ದಳು. ಇವತ್ತು ಹೊಸ ಔಷಧಿಗೂ ಅದೇ ಅಳತೆ ಇಡೋಣವೆಂದು ಹೋದ ವಾರದ್ದನ್ನು ತೆರೆದಾಗ, ಕೈತಪ್ಪಿ ಕತ್ತರಿಸದ ಪೂರ್ತಿ ನಕ್ಷೆ ಬಿಚ್ಚಿಕೊಂಡಿತ್ತು.

ಅವಳ ತಮ್ಮ ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದು ಹೋದ ವಾರದ ಈ ಔಷಧಿಯನ್ನೇ ಹಾಕಿಸಿಕೊಳ್ಳಲು. ಸೂಜಿ ಎಂದರೆ ಬೆವರುವ ಹುಡುಗ. "ನಾನೇ ನೋಡಿ ಕಳ್ಸಿರೋ ಔಷಧಿ ಕಣೋ, ಕಣ್ಮುಚ್ಕೊಂಡು ಹೋಗು" ಎಂದು ಧೈರ್ಯ ಹೇಳಿದ್ದವಳೇ ಅವಳು.

ಗೆರೆ ಇನ್ನಷ್ಟು ಬಲಕ್ಕೆ ಹೋಗುವಂತೆ ಲೆಕ್ಕದ ಬಲ ಮಿತಿಯನ್ನು ದುಪ್ಪಟ್ಟು ಮಾಡಿ ಮತ್ತೆ ಓಡಿಸಿದಳು. ಸಾಫ್ಟ್‌ವೇರಿನದೇ ತರಲೆಯಾಗಿರಲಿ, ದೇವರೇ. ಗೆರೆ ಬಂತು: ಗುಡ್ಡ, ಬಯಲು, ಆಮೇಲೆ ಇನ್ನೊಂದು ಗುಡ್ಡ.

ತಮ್ಮನಿಗೆ ಫೋನು ಮಾಡಿದಳು.

"ಎಲ್ಲಿದ್ದೀಯೋ?"

"ಮಹಾರಾಜನ ಥರ ಮಲಗಿದೀನಿ ಕಣಕ್ಕಾ. ಡ್ರಿಪ್ ಹಾಕಿದಾರೆ. ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ."

"ನರ್ಸ್‌ಗೆ ಫೋನ್ ಕೊಡು."

"ಯಾಕೆ, ಅವ್ರಿಗೂ ಬೈತೀಯಾ?"

"ಕೊಡೋ ಬೇಗ!"

ನರ್ಸ್ ದನಿ ಗಡುಸಾಗಿತ್ತು. "ಯಾರ್ರೀ ಮಾತಾಡ್ತಿರೋದು?"

"ಡ್ರಿಪ್ ನಿಲ್ಸಿ ಸಿಸ್ಟರ್. ಆ ಔಷಧಿ ಸರಿಯಿಲ್ಲ."

"ಡಾಕ್ಟ್ರು ಹೇಳ್ದೆ ಹೇಗೆ ನಿಲ್ಸೋಕಾಗತ್ತೆ? ಸರಿಯಿಲ್ಲ ಅಂತ ಯಾರು ಹೇಳಿದ್ದು ನಿಮ್ಗೆ?"

ಎದುರಿನ ಮೇಜಿನಲ್ಲಿ ಮೇಲ್ವಿಚಾರಕರು ತಲೆಯೆತ್ತಿದರು.

"ಸರಿಯಿದೆ ಅಂತ ಸಹಿ ಹಾಕ್ದವಳೇ ನಾನು."

ಆ ಕಡೆ ದಡದಡ ಹೆಜ್ಜೆ ಸದ್ದು ಕೇಳಿಸಿತು. ಮೇಲ್ವಿಚಾರಕರು ಎದ್ದು ಬಂದು ತೆರೆ ನೋಡಿದರು. ಉಳಿದ ಆಸ್ಪತ್ರೆಗಳಿಗೆ ಹೇಳಲು ಇನ್ನೊಂದು ಫೋನು ತೆಗೆದುಕೊಂಡರು.

"ನಿಲ್ಸಿದ್ರು ಕಣಕ್ಕಾ," ತಮ್ಮನ ದನಿ. "ಡಾಕ್ಟ್ರೂ ಬರ್ತಿದಾರೆ. ಅರ್ಧ ಆಗ್ಲೇ ಒಳಗೆ ಹೋಗಿದೆಯಂತೆ. ಏನಾಯ್ತೇ?"

"ಹೇಳ್ತೀನಿ. ಫೋನ್ ಮಾತ್ರ ಇಡ್ಬೇಡ. ಮಾತಾಡ್ತಾ ಇರು."

"ಏನ್ ಮಾತಾಡ್ಲಿ?"

"ಏನಾದ್ರೂ."

ಅವನು ಪಕ್ಕದ ಹಾಸಿಗೆಯ ಅಜ್ಜನ ಗೊರಕೆಯ ವಿಷಯ ತೆಗೆದ. ಒಂದು ಮಾತೂ ಅವಳ ತಲೆಗೆ ಹೋಗಲಿಲ್ಲ. ಮಾತಿನ ನಡುನಡುವೆ ಅವನು ಉಸಿರೆಳೆದುಕೊಳ್ಳುವುದನ್ನು, ಫೋನು ಕಿವಿಗೊತ್ತಿ ಕೇಳುತ್ತ ಕುಳಿತಳು.