ಎಡೆಲ್ಮಿರಾ ಅಮ್ಮಣ್ಣಿಯ ಹುಂಜಗಳು

ಸಾಂತಾ ರೂಫಿನಾ ಎಂಬ ದೊಡ್ಡಮನೆಯಲ್ಲಿ ತಂಗಲು ಬಂದವರಿಗೆ ಎಡೆಲ್ಮಿರಾ ಅಮ್ಮಣ್ಣಿ ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದದ್ದು, ಅವರು ಮಲಗಲಿರುವ ಮಂಚದ ಮೇಲೆ ಹಿಂದೆ ಯಾರು ಸತ್ತಿದ್ದರು ಎಂಬುದನ್ನು. "ಇದ್ರಲ್ಲಿ ನಮ್ಮ ಸೋದರತ್ತೆ ಹೋದ್ಲು. ತುಂಬಾ ಸುಖವಾಗಿ ಹೋದ್ಲು. ನಿಮಗೂ ಒಳ್ಳೇ ನಿದ್ದೆ ಬರುತ್ತೆ," ಎಂದು ದಿಂಬನ್ನು ತಟ್ಟಿ, ಹಾಸಿಗೆಯ ಕಾಲ್ದೆಸೆಗೆ ಬಿಸಿನೀರಿನ ರಬ್ಬರ್ ಚೀಲವನ್ನು ತುರುಕಿ, ಬಂದವರ ಮುಖ ಬಿಳಿಚಿಕೊಳ್ಳುವುದನ್ನು ಗಮನಿಸದೆ ಹೊರಟುಬಿಡುತ್ತಿದ್ದಳು. ಬಿಷಪ್ಪರೊಬ್ಬರು ಕೊನೆಯುಸಿರೆಳೆದ ಕೋಣೆಗೆ ಮಾತ್ರ ಬಾಡಿಗೆ ತುಸು ಹೆಚ್ಚು.

ಆಗ ಅವಳಿಗೆ ಎಂಬತ್ತು ಸಮೀಪಿಸಿತ್ತು. ಆದರೂ ನಮ್ಮ ಕಣಿವೆಗೆಲ್ಲ ಅವಳು ಅಮ್ಮಣ್ಣಿಯೇ. ಜಮೀನ್ದಾರರ ಮನೆಯಲ್ಲಿ ಹುಟ್ಟಿದ ಹೆಣ್ಣು ಈ ಬೆಟ್ಟಸೀಮೆಯ ಆಳುಗಳ ಬಾಯಲ್ಲಿ ಮಣ್ಣಿಗೆ ಹೋಗುವ ತನಕ ಚಿಕ್ಕ ಹುಡುಗಿಯಾಗಿಯೇ ಉಳಿಯುತ್ತಾಳೆ. ತಂದೆ ಕುದುರೆಯ ಮೇಲೆ ಹೊದೆಯುತ್ತಿದ್ದ, ನೆನೆದ ಇಟ್ಟಿಗೆಯ ಬಣ್ಣದ ದಪ್ಪ ಉಣ್ಣೆಯ ಪೊಂಚೋ ಅವಳ ನಿತ್ಯದ ಉಡುಗೆ. ಆತ ಆಜಾನುಬಾಹು, ಇವಳು ಗುಬ್ಬಚ್ಚಿ. ಅದರ ಅಂಚು ಕಲ್ಲುಹಾಸಿನ ಮೇಲೆ ಸರಸರನೆ ಎಳೆದುಕೊಂಡು ಬರುತ್ತಿತ್ತು, ಕಸ ಗುಡಿಸುವ ಕೆಲಸ ಅರ್ಧ ಅದರಿಂದಲೇ ಮುಗಿಯುತ್ತದೆಂದು ಅಡುಗೆಯ ಸೊಯ್ಲಾ ಹಂಗಿಸುತ್ತಿದ್ದಳು. ನಡಿಗೆ ಮಾತ್ರ ಹಡಗಿನ ಮೇಲೆ ನಡೆದಂತೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಾ, ಎಲ್ಲಿಯೂ ಬೀಳದೆ.

ಅವಳ ಮಾತಿಗೊಂದು ಪಲ್ಲವಿಯಿತ್ತು: "ಅಪ್ಪಾಜಿ ಇದ್ದಿದ್ರೆ..." ಹಾಲು ಉಕ್ಕಿದರೆ, ಹೆಂಚು ಜಾರಿದರೆ, ಅತಿಥಿಯೊಬ್ಬ ಊಟದ ಮೇಜಿನಲ್ಲಿ ಟೋಪಿ ತೆಗೆಯದಿದ್ದರೆ, ಅಪ್ಪಾಜಿ ಇದ್ದಿದ್ದರೆ. ಇದ್ದಿದ್ದರೆ ಏನಾಗುತ್ತಿತ್ತೆಂದು ಅವಳು ಒಂದು ದಿನವೂ ಪೂರೈಸಿ ಹೇಳಲಿಲ್ಲ. ಪೂರೈಸಬೇಕಾದ ಅಗತ್ಯವೂ ಇರಲಿಲ್ಲ. ಅಂಗಳದ ನಡುವೆ ನಿಂತಿದ್ದ ಕಲ್ಲುಕಂಬಕ್ಕೆ ಆತ ಯಾರು ಯಾರನ್ನು ಕಟ್ಟಿಸಿ ಹೊಡೆಸಿದ್ದನೆಂಬುದು ಕಣಿವೆಯ ಮಕ್ಕಳಿಗೂ ಗೊತ್ತು. ಅಮ್ಮಣ್ಣಿ ಆ ಕಂಬಕ್ಕೆ ಜೆರೇನಿಯಂ ಹೂವಿನ ಕುಂಡಗಳನ್ನು ತೂಗುಹಾಕಿದ್ದಳು.

ನಾನು ಕೆಳಗಿನ ಊರಿನ ಶಾಲೆಯ ಮೇಷ್ಟ್ರು. ಹನ್ನೊಂದು ವರ್ಷ ಆ ಮನೆಯ ಕೊನೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಂಥ ಮನೆಯಲ್ಲಿ ಬಹುಕಾಲ ತಂಗಿದವನಿಗೆ ಎಚ್ಚರಕ್ಕೂ ಕನಸಿಗೂ ನಡುವಿನ ಗೋಡೆ ತೆಳ್ಳಗಾಗಿಬಿಡುತ್ತದೆ. ಬೆಳಗಾಗೆದ್ದರೆ ಮಂಜು ಅಂಗಳದೊಳಗೆ ಬಂದು, ಜಗಲಿಯ ಕಂಬಗಳ ನಡುವೆ ದನದಂತೆ ಸುಮ್ಮನೆ ನಿಂತಿರುತ್ತಿತ್ತು. ನೀಲಗಿರಿ ಸೌದೆಯ ಹೊಗೆ, ಕಾಯುವ ಹಾಲಿನ ಕಂಪು, ಎಲ್ಲೋ ತೊಲೆಯೊಂದು ಮೈಮುರಿಯುವ ಸದ್ದು. ಆಮೇಲೆ ಒಮ್ಮೆಲೇ ಮಂಜು ಸರಿದು, ಮಾಡಿನ ಮೇಲುಗಡೆ, ಯಾರೂ ನಿರೀಕ್ಷಿಸದಷ್ಟು ಎತ್ತರದಲ್ಲಿ, ಕಯಾಂಬೆಯ ಹಿಮಶಿಖರ. ಭೂಮಿಯೆಲ್ಲ ಎಂದೋ ಹಂಚಿಹೋಗಿ ಮನೆಯೊಂದೇ ಉಳಿದಿದ್ದ ಅಮ್ಮಣ್ಣಿ, ಅದರ ಕೋಣೆಗಳನ್ನು ಪರದೇಶಿಗಳಿಗೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದರೂ, ಅದನ್ನು ವಸತಿಗೃಹವೆಂದು ಕರೆದವರ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದಳು. ಅದು ವಸತಿಗೃಹವಲ್ಲ, ಮನೆ ಎಂಬುದಕ್ಕೆ ಅವಳ ಬಳಿ ಇದ್ದ ಪುರಾವೆ ಒಂದೇ: ಸಾನ್ ಪೆದ್ರೋ ಹಬ್ಬದ ದಿನ ಮೇಲಿನ ಉರ್ಕುಪಂಬ ಹಳ್ಳಿಯ ಜನ ಹುಂಜಗಳ ಕೊಂಬೆ ಹೊತ್ತು ಆ ಅಂಗಳಕ್ಕೆ ಬರುತ್ತಿದ್ದರು.

ಈ ಹುಂಜಗಳ ಲೆಕ್ಕ ಹಳೆಯದು. ಅವಳ ತಂದೆ ಹಬ್ಬದ ದಿನ ಜಗಲಿಯಲ್ಲಿ ನಿಂತು ಒಬ್ಬ ಆಳಿನ ಕೈಗೆ ಒಂದು ಹುಂಜ ಕೊಡುತ್ತಿದ್ದ. ಕೈಯೊಡ್ಡಿದವನು ಮುಂದಿನ ವರ್ಷ ಹನ್ನೆರಡನ್ನು ತರಬೇಕು, ಉದ್ದ ಗಳುವಿಗೆ ಕಾಲು ಕಟ್ಟಿ ತೂಗುಹಾಕಿ (ಕೊಂಬೆ ಎಂದರೆ ಅದೇ), ಕೊಳಲು ಊದಿ, ಗಿಟಾರು ನುಡಿಸಿ, ಕುಣಿಯುತ್ತಾ. ಅದಕ್ಕೆ ಪ್ರತಿಯಾಗಿ ಆ ಒಂದು ದಿನ ಅಂಗಳ ಕುಣಿಯುವವರ ಸ್ವತ್ತು. ಯಜಮಾನನೂ ಜಗಲಿಯಿಂದ ಕೆಳಗೆ ಕಾಲಿಡುವ ಹಾಗಿಲ್ಲ. ಜಮೀನ್ದಾರಿ ಹೋಯಿತು, ತಂದೆ ಹೋದ, ಕಂಬಕ್ಕೆ ಹೂವು ಬಂತು, ಆದರೂ ಉರ್ಕುಪಂಬದವರು ಸರದಿಯ ಮೇಲೆ ಕೊಂಬೆ ತರುವುದನ್ನು ಬಿಡಲಿಲ್ಲ. ಅವರು ಸಂತನಿಗೆ ಹೆದರಿ ಬರುತ್ತಿದ್ದರೋ, ವರ್ಷಕ್ಕೊಮ್ಮೆ ಆ ಅಂಗಳವನ್ನು ಮನಸಾರೆ ತುಳಿಯುವ ಸುಖಕ್ಕೆ ಬರುತ್ತಿದ್ದರೋ, ನಾನು ಹೇಳಲಾರೆ. ಅಮ್ಮಣ್ಣಿ ಮಾತ್ರ ತನ್ನ ಮೇಲಿನ ಪ್ರೀತಿಗೆ ಎಂದೇ ತಿಳಿದಿದ್ದಳು. "ನಮ್ಮ ಜನ, ಮೇಷ್ಟ್ರೇ. ನಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ತಾರೆ?"

ಒಂದು ವರ್ಷ ಅವಳ ಅಣ್ಣನ ಮಗ ಇಗ್ನಾಸಿಯೋ ರಾಜಧಾನಿಯಿಂದ ಒಂದು ಬಸ್ಸಿನ ತುಂಬ ಅತಿಥಿಗಳನ್ನು ಹಬ್ಬಕ್ಕೆ ಕರೆತಂದು, ಅವರಿಗೆ ಚೆನ್ನಾಗಿ ಕಾಣಲೆಂದು ಅಂಗಳದಲ್ಲಿ ಸಾಲಾಗಿ ಕುರ್ಚಿ ಹಾಕಿಸಿದ. ಬೇಡವೆನ್ನಲು ಅಮ್ಮಣ್ಣಿಗೆ ಒಂದು ಮಾತು ಸಾಕಿತ್ತು. "ಪಾಪ, ಕಾಲು ನೋಯುತ್ತೆ, ಕೂತ್ಕೊಳ್ಳಲಿ ಬಿಡು," ಎಂದಳು.

ಕೊಂಬೆ ಬಂತು. ಮುಂದೆ, ಎಲ್ಲರೂ ತೈತ, ಅಂದರೆ ಅಪ್ಪ, ಎನ್ನುವ ಆಂತೂಕ, ಉರ್ಕುಪಂಬದ ಹಿರಿಯ, ಸೊಯ್ಲಾಳ ತಮ್ಮ, ಎಪ್ಪತ್ತರ ಹತ್ತಿರದವನು. ಹೆಬ್ಬಾಗಿಲಿನಲ್ಲಿ ನಿಂತು ಕುರ್ಚಿಗಳನ್ನು ನೋಡಿದ. ಹಿಂದೆ ಕೊಳಲು ನಿಂತಿತು. ಟೋಪಿ ತೆಗೆದು, "ಜಾಗ ತುಂಬೋಗಿದೆ ಅಮ್ಮಣ್ಣಿ," ಎಂದ.

"ಒಳಗೆ ಬಾರೋ ಆಂತೂಕಾ! ಕುರ್ಚಿ ತೆಗೆಸ್ತೀನಿ."

"ಕುರ್ಚಿ ತೆಗೆಸಬಹುದು. ಕೂತೋರನ್ನ ಏನ್ ಮಾಡ್ತೀರಿ?"

ಕೋಪದ ಮಾತಲ್ಲ, ಮಳೆ ಬರುತ್ತದೆ ಎಂದಷ್ಟೇ ಸಹಜವಾಗಿ ಹೇಳಿ ಆತ ಟೋಪಿ ಹಾಕಿಕೊಂಡ. ಗಳುವಿನಿಂದ ತಲೆಕೆಳಗಾಗಿ ತೂಗುತ್ತಿದ್ದ ಹುಂಜಗಳು ಹೊರಳಿ, ಬಂದ ದಾರಿಯಲ್ಲೇ ನೀಲಗಿರಿ ಮರಗಳ ನಡುವೆ ಮರೆಯಾದವು. ಅತಿಥಿಗಳು ಅವರ ಬೆನ್ನಿನ ಫೋಟೋ ತೆಗೆದುಕೊಂಡರು. ಬೇಯಿಸಿದ ಮೆಕ್ಕೆಜೋಳದ ಕೊಪ್ಪರಿಗೆಗಳು, ಜೋಳದ ಮದ್ಯ ಚೀಚಾ ಹುದುಗಿದ ಮಡಕೆಗಳು ಹಾಗೆಯೇ ಉಳಿದವು. ಜಗಲಿಯ ಬೆಂಚಿನ ಮೇಲೆ ಕುಸಿದಿದ್ದ ಅಮ್ಮಣ್ಣಿಗೆ ಸೊಯ್ಲಾ ಹೇಳಿದ್ದಿಷ್ಟು: "ಅಳೋದಿದ್ರೆ ಬೇಗ ಅತ್ತುಬಿಡಿ. ಚೀಚಾ ಹುಳಿ ಬರ್ತಿದೆ, ಯಾರಿಗಾದ್ರೂ ಹಂಚಬೇಕು."

ಅನಂತರದ ವಾರಗಳಲ್ಲಿ ಅಮ್ಮಣ್ಣಿ ಅತಿಥಿಗಳಿಗೆ ಸತ್ತವರ ವಿಚಾರ ಹೇಳುವುದನ್ನು ನಿಲ್ಲಿಸಿದಳು. ಬಿಸಿನೀರಿನ ನಲ್ಲಿ ಯಾವುದು, ತಿಂಡಿ ಎಷ್ಟು ಹೊತ್ತಿಗೆ, ಅಷ್ಟೇ. ಇಗ್ನಾಸಿಯೋಗೆ ಪರಮಾನಂದ. ನನಗೆ ದಿಗಿಲಾಯಿತು. ಆ ಮಂಜಿನ ತಿಂಗಳಲ್ಲಿ ಅವಳು ಜಗಲಿಯ ಉದ್ದಕ್ಕೂ ನಡೆದು ಹೋಗುವಾಗ, ಪೊಂಚೋ ಒಂದೇ ಹೋಗುತ್ತಿದೆ, ಒಳಗೆ ಯಾರೂ ಇಲ್ಲ ಎನ್ನಿಸುತ್ತಿತ್ತು. ಒಂದು ದಿನ ಆಲೂಗಡ್ಡೆಯ ಸಾರು ಆರುತ್ತಿರುವಾಗ ತಟ್ಟೆಯಿಂದ ತಲೆಯೆತ್ತಿ, "ಮೇಷ್ಟ್ರೇ, ಇದು ಹೋಟ್ಲೇ ಆಗಿಹೋಯ್ತಲ್ಲ," ಎಂದಳು.

ಆಗಸ್ಟಿನ ಗಾಳಿ ಎದ್ದ ಮೇಲೆ ಒಂದು ಬೆಳಗ್ಗೆ ಅವಳು ನನ್ನ ತೋಳು ಹಿಡಿದು ಉರ್ಕುಪಂಬದ ಏರು ಹತ್ತಿದಳು. ಆ ವರೆಗಿನ ಬದುಕಿನಲ್ಲಿ ಅವಳು ಅಲ್ಲಿಗೆ ಕುದುರೆಯ ಮೇಲೊಮ್ಮೆ, ತಂದೆಯ ಮುಂದೆ ಕೂತು, ಹೋಗಿದ್ದಳಂತೆ. ಆಂತೂಕ ಅಂಗಳದಲ್ಲಿ ಕೂತು ಬಾರ್ಲಿ ಕೇರುತ್ತಿದ್ದ. ಎದ್ದು ನಿಂತು ಟೋಪಿ ತೆಗೆದ. ಕುಳಿತುಕೊಳ್ಳಿ ಎನ್ನಲಿಲ್ಲ.

"ನಂಗೊಂದು ಹುಂಜ ಕೊಡು ಆಂತೂಕಾ."

"ಯಾಕೆ, ಬಂದಿರೋರಿಗೆ ಸಾರು ಮಾಡೋಕಾ?"

"ಅಲ್ಲ. ಕೈಗೆ ಕೊಡು. ಸಾನ್ ಪೆದ್ರೋಗೆ ಕೊಡ್ತಾರಲ್ಲ, ಹಾಗೆ."

ಒಳಗೆ ಅವನ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆಂತೂಕ ನಗಲಿಲ್ಲ. ಮೊರವನ್ನು ಕೆಳಗಿಟ್ಟ.

"ನಿಮ್ಮಪ್ಪ ಕೊಡೋವಾಗ, ಬೇಕಾ ಅಂತ ಕೇಳ್ತಿರ್ಲಿಲ್ಲ. ಬೇಡ ಅನ್ನೋಕೆ ನಮ್ಮಪ್ಪಂಗೆ ಬಾಯಿರ್ಲಿಲ್ಲ."

"ನಂಗೊತ್ತು. ಅದಕ್ಕೇ ನಾನೇ ಕೇಳ್ತಿದೀನಿ."

ಅವಳಿಗೆ ಆಗ ಗೊತ್ತಿದ್ದದ್ದು ತೀರ ಕಡಿಮೆ. ಆತ ಮನೆಯ ಹಿಂದೆ ಹೋಗಿ, ಇದ್ದುದರಲ್ಲಿ ಅತ್ಯಂತ ದರಿದ್ರವಾದ ಒಂದು ಹುಂಜವನ್ನು, ಒಂದು ಕಣ್ಣು ಹೋದದ್ದನ್ನು, ಹಿಡಿದು ತಂದ. "ತಿನ್ನೋಕೆ ಮಾಂಸ ಇಲ್ಲ, ಕೂಗೋಕೆ ಗಂಟಲಿಲ್ಲ. ಲೆಕ್ಕಕ್ಕೆ ಹುಂಜ," ಎಂದು ಅವಳ ಕೈಗಿಟ್ಟ. ಎರಡೂ ಕೈ ಚಾಚಿ ಅವಳು ತೆಗೆದುಕೊಂಡಳು. ಜಮೀನ್ದಾರನ ಮಗಳು ಆಳಿನ ಮಗನಿಗೆ ಹನ್ನೆರಡು ಹುಂಜಗಳ ಸಾಲಗಾರ್ತಿಯಾದಳೆಂಬ ಸುದ್ದಿ, ನಾವು ಇಳಿದು ಮನೆ ಸೇರುವ ಮೊದಲೇ ಕಣಿವೆಯನ್ನೆಲ್ಲ ಸುತ್ತಿಬಂದಿತ್ತು.

ಆ ವರ್ಷ ಸಾಂತಾ ರೂಫಿನಾ ಕೋಳಿಗಳ ರಾಜ್ಯವಾಯಿತು. ಪ್ರಾರ್ಥನಾಮಂದಿರದ ಪೀಠದ ಹಿಂದೆ ಕಾವು, ಬಿಷಪ್ಪರ ಕೋಣೆಯ ಕಿಟಕಿಯಲ್ಲಿ ಬಿಸಿಲು ಕಾಯಿಸುವ ಮರಿಗಳು, ತಾತಂದಿರ ತೈಲಚಿತ್ರಗಳ ಚೌಕಟ್ಟಿನ ಮೇಲೆ ಎಳೆ ಹುಂಜಗಳ ದರ್ಬಾರು. "ಅತ್ತೆ, ಇದೇನು ಹೋಟ್ಲಾ, ಕೋಳಿಗೂಡಾ?" ಎಂದು ಇಗ್ನಾಸಿಯೋ ತಲೆ ಚಚ್ಚಿಕೊಂಡ. "ಹೋಟ್ಲು ಅಂತ ಯಾವನು ಹೇಳಿದ್ದು ನಿಂಗೆ?" ಎಂಬ ಉತ್ತರ ಕೇಳಿ ನಾನು ಎಷ್ಟೋ ದಿನಗಳ ಬಳಿಕ ಹಗುರಾದೆ. ಗಿಡುಗ ಎರಡನ್ನು ಎತ್ತಿಕೊಂಡು ಹೋಯಿತು, ಚಳಿಗೆ ಕೆಲವು ಸತ್ತವು. ಸಂತೆಯಲ್ಲಿ ಕೊಂಡರಾಯಿತು ಎಂದೆ. ಅವಳು ಒಪ್ಪಲಿಲ್ಲ, ಅವರು ಸಾಕಿ ತರುತ್ತಿದ್ದರು, ನಾನೂ ಸಾಕಿಯೇ ಕೊಡುತ್ತೇನೆ ಎಂದಳು. ಮೆಕ್ಕೆಜೋಳದ ಮೂಟೆ ಬರಿದಾಗುತ್ತಾ ಬಂದ ಒಂದು ಮಧ್ಯಾಹ್ನ, ಕಾಳು ಎರಚುತ್ತಿದ್ದವಳು ಸಟ್ಟನೆ ಕೈ ನಿಲ್ಲಿಸಿದಳು.

"ಸೊಯ್ಲಾ, ಇವು ಇಷ್ಟೊಂದು ತಿನ್ನುತ್ವಾ? ನಿಮಗೆ ಇದ್ದಿದ್ದೇ ಅಂಗೈಯಗಲ ಭೂಮಿ. ನಿಮ್ಮಪ್ಪ ಹನ್ನೆರಡು ಸಾಕಿದ ವರ್ಷ ನೀವು ಮಕ್ಕಳು ಏನ್ ತಿಂದ್ರಿ?"

"ಹುಂಜ ಬಿಟ್ಟಿದ್ದು," ಎಂದಳು ಸೊಯ್ಲಾ, ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸದೆ.

ಅಮ್ಮಣ್ಣಿ ಅಂದು ಊಟಕ್ಕೆ ಏಳಲಿಲ್ಲ. "ಅಪ್ಪಾಜಿ ಇದ್ದಿದ್ರೆ" ಎಂಬ ಮಾತು ಆ ದಿನದಿಂದ ಆ ಮನೆಯಲ್ಲಿ ಕೇಳಿಬಂದ ನೆನಪು ನನಗಿಲ್ಲ.

ಸಾನ್ ಪೆದ್ರೋ ಬಂತು. ಗಳುವಿನ ಒಂದು ತುದಿ ಅವಳ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಭಾರವೆಲ್ಲ ನನ್ನ ಕಡೆಗೇ ಜಾರುವಂತೆ ಸೊಯ್ಲಾ ಉಪಾಯವಾಗಿ ಕಟ್ಟಿದ್ದಳು. ಮಂಜಿನೊಳಗೆ ಏರುತ್ತಾ ಹೋದಂತೆ ದಾರಿಯೆಂಬುದು ಕಾಲಿನ ಕೆಳಗಷ್ಟೇ ಉಳಿಯಿತು. ಹುಂಜಗಳು ರೆಕ್ಕೆ ಬಡಿದಾಗ ನಾವೇ ಹಾರುತ್ತಿದ್ದೇವೋ ಎಂಬ ಭ್ರಮೆ. ಆಂತೂಕನ ಬೇಲಿಯ ಬಳಿ ಉರ್ಕುಪಂಬವೆಲ್ಲ ಸೇರಿತ್ತು. ಕೊಂಬೆ ತಂದವರು ಕುಣಿಯಬೇಕೆಂಬುದು ಕಟ್ಟಳೆ. ಎಂಬತ್ತು ವರ್ಷ ಜಗಲಿಯಿಂದ ನೋಡಿದ್ದಳೇ ಹೊರತು ಅವಳು ಒಂದು ಹೆಜ್ಜೆ ಹಾಕಿದವಳಲ್ಲ. ಕೊಳಲು ಎದ್ದಿತು. ಅವಳು ಗಳುವನ್ನು ಇಳಿಸಿ, ಪೊಂಚೋದ ಅಂಚನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಆ ಹಡಗಿನ ನಡಿಗೆಯನ್ನೇ ಸ್ವಲ್ಪ ಜೋರು ಮಾಡಿ, ನೆಲವನ್ನು ತುಳಿದು ತುಳಿದು ಸುತ್ತು ಬಂದಳು. ಹೆಂಗಸರು ನಕ್ಕರು, ಆಮೇಲೆ ಅವರಲ್ಲಿ ಇಬ್ಬರು ಬಂದು ಅವಳ ಆಚೀಚೆ ಸೇರಿಕೊಂಡರು. ನನಗೆ ಕಣ್ಣು ಮಂಜಾಯಿತು, ಮಂಜಿನಿಂದಲ್ಲ.

ಕೊಳಲು ನಿಂತ ಮೇಲೆ ಆಂತೂಕ ಹುಂಜಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಹನ್ನೆರಡೇನಾ? ನಮ್ಮಪ್ಪ ಹದಿಮೂರು ತರ್ತಿದ್ದ. ದಾರೀಲಿ ಒಂದು ಸತ್ರೆ ಇರ್ಲಿ ಅಂತ."

"ನಂಗ್ಯಾರೂ ಹೇಳ್ಲಿಲ್ಲ," ಎಂದಳು ಏದುಸಿರಿನ ಅಮ್ಮಣ್ಣಿ.

"ನಮಗೂ ಯಾರೂ ಹೇಳಿರ್ಲಿಲ್ಲ. ಏಟು ತಿಂದು ಕಲಿತ್ವಿ."

ಅಷ್ಟು ಹೇಳಿ, ಕೊಂಬೆಯಿಂದ ಒಂದು ಹುಂಜವನ್ನು ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ಬೆರಗಾದಳು. "ನಂದು ತೀರಿತಲ್ಲೋ?"

"ನಮ್ದು ಯಾವತ್ತು ತೀರಿತ್ತು?"

ಅವಳು ಕೈ ಚಾಚಿದಳು. ಇಳಿಯುವ ದಾರಿಯಲ್ಲಿ ಹುಂಜವನ್ನು ಪೊಂಚೋದೊಳಗೆ ಅವುಚಿಕೊಂಡು, ಅಳುತ್ತಲೂ ನಗುತ್ತಲೂ, "ನೋಡಿದ್ರಾ ಮೇಷ್ಟ್ರೇ, ಮುಂದಿನ ವರ್ಷಾನೂ ಬಾ ಅಂದ," ಎಂದಳು. ಅವನು ಹಾಗೆಲ್ಲಿ ಅಂದ ಎಂದು ನಾನು ಕೇಳಲಿಲ್ಲ.

ಮತ್ತೆರಡು ಸಲ ಅವಳು ಹದಿಮೂರು ಹುಂಜಗಳನ್ನು ಹೊತ್ತು ಬೆಟ್ಟ ಹತ್ತಿದಳು, ಎರಡು ಸಲವೂ ಒಂದನ್ನು ಹಿಡಿದು ಇಳಿದಳು. ಉರ್ಕುಪಂಬದವರು ಕೆಳಗಿನ ಅಂಗಳಕ್ಕೆ ಬರಲಿಲ್ಲ. ಬನ್ನಿ ಎಂದು ಅವಳು ಕರೆಯಲೂ ಇಲ್ಲ, ಆದರೆ ಹಬ್ಬದ ಹಿಂದಿನ ದಿನ ಅಂಗಳವನ್ನು ತಾನೇ ಗುಡಿಸಿ ಬರಿದು ಮಾಡುತ್ತಿದ್ದಳು. ಅದರ ಮುಂದಿನ ಸಲದ ಹುಂಜಗಳು ಬಲಿತು ನಿಂತಿದ್ದಾಗ, ಹಬ್ಬಕ್ಕೆ ಇನ್ನೇನು ಕೆಲವೇ ವಾರಗಳಿರುವಾಗ, ಕೆಮ್ಮು ಎದೆಗಿಳಿದು ಹೋಗಿಬಿಟ್ಟಳು.

ಮಣ್ಣಿಗೆ ಉರ್ಕುಪಂಬದವರು ಬಂದು ದೂರ ನಿಂತು ಹೋದರು. ಸಾನ್ ಪೆದ್ರೋ ದಿನ, ಯಾರೂ ಕರೆಯದೆ, ಹೆಬ್ಬಾಗಿಲಿನಲ್ಲಿ ಕೊಳಲು ಕೇಳಿಸಿತು. ಆಂತೂಕ ನಿಂತಿದ್ದ, ಹೆಗಲ ಮೇಲೆ ಬರಿಯ ಗಳು, ಹಿಂದೆ ಅವನ ಊರೆಲ್ಲ. ಇಗ್ನಾಸಿಯೋ ಗಡಬಡಿಸಿ ಏನು ಬೇಕೆಂದು ಕೇಳಿದ.

"ಅಮ್ಮಣ್ಣಿ ಹುಂಜ ಹಿಡ್ಕೊಂಡಿದ್ರು. ಹದಿಮೂರು ಬರ್ಬೇಕು. ತಗೊಂಡು ಹೋಗೋಕೆ ಬಂದ್ವಿ," ಎಂದು ಹೇಳಿ, ಆತ ಅಂಗಳಕ್ಕೆ ಕಾಲಿಟ್ಟ. ಸಂಜೆಯ ತನಕ ಅವರು ಅಲ್ಲಿ ಕುಣಿದರು.

ದೊಡ್ಡಮನೆಗಳಲ್ಲಿ ಹುಟ್ಟಿದ ಉದಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿತ್ತು, ಕೊಟ್ಟರು, ಸತ್ತಾಗ ಜನ ಟೋಪಿ ತೆಗೆದು ಕೊಂಡಾಡಿ, ಮನೆಗೆ ಹೋಗಿ ಮರೆತರು. ಆ ಕುಲದಲ್ಲಿ ಹುಟ್ಟಿಯೂ, ಕೈ ಚಾಚಿ ಇನ್ನೊಬ್ಬರ ಋಣ ಕೇಳಿ ಪಡೆದವರು ತೀರ ವಿರಳ, ಮತ್ತು ಅವರಿಗೆ ಕೊಂಡಾಟ ಸಿಗುವುದಿಲ್ಲ. ಅವರು ಹೋದ ಮೇಲೆ ಜನ ಬಾಕಿ ಕೇಳಿಕೊಂಡು ಮನೆಬಾಗಿಲಿಗೆ ಬರುತ್ತಾರೆ. ನಮ್ಮ ಬೆಟ್ಟಸೀಮೆಯಲ್ಲಿ ಹಾಗೆ ಬಾಕಿ ಕೇಳುವುದು ತಮ್ಮವರು ಸತ್ತಾಗ ಮಾತ್ರ.