ನಮ್ಮವರು ಗಿಟಾರು ನೋಡಲು ಹೋದದ್ದು

ನನ್ನ ಗಂಡ ಯಜ್ಞೇಶ್ವರರ ಕಿವಿಗೆ ಈ ಜಗತ್ತಿನಲ್ಲಿ ಯಾವುದೂ ಶ್ರುತಿಯಲ್ಲಿಲ್ಲ. ನಮ್ಮ ಕುಕ್ಕರಿನ ಸೀಟಿ ಏರಿದೆಯಂತೆ, ಎದುರು ಮನೆಯ ಕರೆಗಂಟೆ ಇಳಿದಿದೆಯಂತೆ, ತರಕಾರಿ ಗಾಡಿಯವನ ಸ್ಪೀಕರು ಎರಡರ ನಡುವೆ ಎಲ್ಲಿಯೋ ಸತ್ತುಬಿದ್ದಿದೆಯಂತೆ. ನನ್ನನ್ನು ನೋಡಲು ಬಂದ ದಿನವೂ ಇದೇ ಕಥೆ. ಆಗಿನ ಪದ್ಧತಿಯಂತೆ ನನ್ನ ಮುಂದೆ ತಂಬೂರಿ ಇಟ್ಟು ಹಾಡು ಎಂದರು. ಹಾಡಿದೆ. ಎಲ್ಲರೂ ಹುಡುಗನ ಮುಖ ನೋಡಿದರು. ಹುಡುಗ ತಂಬೂರಿಯ ಮುಖ ನೋಡಿದ. "ಪಂಚಮ ಸ್ವಲ್ಪ ಇಳದದ" ಎಂದು, ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬಿರಡೆ ತಿರುವಿ ಸರಿಮಾಡಿ ವಾಪಸು ಕೊಟ್ಟು, ಅವಲಕ್ಕಿ ತಿಂದು ಹೋದ. ನಮ್ಮಪ್ಪ ಇದು ಬೇಡವೆಂಬ ಉತ್ತರವೆಂದೇ ತಿಳಿದು ಬೇರೆ ಕಡೆ ಜಾತಕ ಕಳಿಸಲು ಕುಳಿತಿದ್ದರು. ಸಂಜೆಗೆ ಹುಡುಗನ ಸೋದರಮಾವ ಬಂದರು. "ಒಪ್ಯಾನ್ರಿ. ಮನಸ್ಸಿಗೆ ಬರದ್ದನ್ನ ಅವ ಸರಿಮಾಡ್ಲಿಕ್ಕೆ ಹೋಗೂದ ಇಲ್ಲ" ಎಂದರು. ಹೀಗೆ ನನ್ನ ಮದುವೆಯಾಯಿತು.

ಇವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ್ದು ಹೊಟ್ಟೆಗೆ. ಮಿಕ್ಕಿದ್ದೆಲ್ಲ ಸಿತಾರಿಗೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಹಾಲು ಕಾಯುವ ಮೊದಲೇ ಸಿತಾರ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಉಕ್ಕಿನ ತಂತಿ ಎಡಗೈಯ ತೋರುಬೆರಳನ್ನು ಕೊಯ್ದಿತು. ಸಕ್ಕರೆ ಕಾಯಿಲೆಯ ಮೈ. ಗಾಯ ಮಾಯಲು ಇಡೀ ಮಳೆಗಾಲ ಹಿಡಿಯಿತು. ಇನ್ನು ಉಕ್ಕಿನ ತಂತಿ ಮುಟ್ಟಬೇಡಿ ಎಂದರು ಡಾಕ್ಟರು. ಅದೇ ಡಾಕ್ಟರು ಸಿಹಿ ಬಿಡಿ, ನಡೆಯಿರಿ, ಲಗೂ ಮಲಗಿರಿ ಎಂದದ್ದನ್ನೆಲ್ಲ ಗಾಳಿಗೆ ತೂರಿದ ಮನುಷ್ಯ ಈ ಒಂದು ಮಾತನ್ನು ಮಾತ್ರ ತಲೆಯ ಮೇಲೆ ಹೊತ್ತು ನಡೆಸಿದರು. ಸಿತಾರಿಗೆ ಗವಸು ಹಾಕಿ ಮೂಲೆಗೆ ನಿಲ್ಲಿಸಿದರು.

ಅಂದಿನಿಂದ ಅವರ ರಿಯಾಜಿನ ಹೊತ್ತು ನನ್ನ ಪಾಲಿಗೆ ಬಂತು. ಒಗ್ಗರಣೆ ಚಟಪಟ ಎಂದರೂ ತಾಳ ತಪ್ಪಿತು ಎನ್ನುವರು. ಅದನ್ನಾದರೂ ತಡೆದುಕೊಳ್ಳಬಹುದು; ತಿರುಗಿ ಅನ್ನಲು ನನಗೂ ಬಾಯಿ ಇದೆ. ಆದರೆ ಮಧ್ಯಾಹ್ನ ಆ ಗವಸಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂಡುತ್ತಿದ್ದರಲ್ಲ, ಅದು ನನ್ನಿಂದ ನೋಡಲಾಗುತ್ತಿರಲಿಲ್ಲ. ಜಗಳಾಡುವ ಗಂಡ ನನಗೆ ಗೊತ್ತು. ಸುಮ್ಮನೆ ಕೂಡುವ ಗಂಡ ಗೊತ್ತಿಲ್ಲ. ಇವರ ಕೈಗೆ ಯಾವುದಾದರೂ ಒಂದು ವಾದ್ಯ ಬರದಿದ್ದರೆ ಇವರು ನನ್ನ ಕಣ್ಣೆದುರೇ ಮುಗಿದುಹೋಗುತ್ತಾರೆ ಎಂಬ ಹೆದರಿಕೆ ನನಗೆ ಹತ್ತಿಬಿಟ್ಟಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ನೀರಿನ ಮೋಟರು ಸುಟ್ಟಿತು, ಪುಣ್ಯಕ್ಕೆ. ಅದನ್ನು ರಿಪೇರಿ ಮಾಡಲು ಬಂದವನು ಅರಫಾತ. ರಾಯಾಪುರದಲ್ಲಿ ಅವನದು ಮೋಟರಿಗೆ ತಂತಿ ಸುತ್ತುವ ಅಂಗಡಿ. ರವಿವಾರ ಮದುವೆಗಳಲ್ಲಿ ಗಿಟಾರು ಬಾರಿಸುತ್ತಾನೆ. ಮೂಲೆಯ ಸಿತಾರ ನೋಡಿ ಕೇಳಿದ. ಬೆರಳಿನ ಕಥೆ ಹೇಳಿದೆ.

"ನೈಲಾನ್ ತಂತೀದು ಒಂದು ಗಿಟಾರ ಐತ್ರಿ ನನ್ನ ಕಡೆ. ಬೆರಳು ಕೊಯ್ಯೂದಿಲ್ರಿ. ಹಗೂರ ಮೀಟಿದ್ರ ಸಾಕು, ಒಳಗ ಮೈಕ್ ಐತಿ, ದನಿ ದೊಡ್ಡದು ಮಾಡಿ ಕೊಡತೈತಿ. ಮದುವಿ ಗದ್ದಲಕ್ಕ ನಾ ಬ್ಯಾರೆ ತಗೊಂಡೇನಿ, ಇದು ಸುಮ್ಮ ಕುಂತೈತಿ. ಸರ್ ಬಂದು ನೋಡ್ಲಿ."

"ಗಿಟಾರ ಅಂದ್ರ ನಿಂತು ಬಾರಿಸೂದು," ಎಂದರು ಇವರು ಒಳಗಿನಿಂದ. "ನಾ ನಿಂತು ನೀರೂ ಕುಡಿಯೂದಿಲ್ಲ."

ಮುಂದೆ ನಮ್ಮಿಬ್ಬರ ನಡುವೆ ಆದ ಮಾತುಗಳನ್ನು ಬರೆಯುವುದಿಲ್ಲ. ಗೆದ್ದವಳು ನಾನು. "ಬರೇ ನೋಡ್ಲಿಕ್ಕೆ ಬರ್ತೇನಿ, ತಗೊಳ್ಳಿಕ್ಕಲ್ಲ" ಎಂದು ಷರತ್ತು ಹಾಕಿ ಇವರು ಹುಬ್ಬಳ್ಳಿ ಕಡೆಯ ಚಿಗರಿ ಬಸ್ಸು ಹತ್ತಿದರು. ಬಸ್ಸಿನ ಬಾಗಿಲು ಮುಚ್ಚುವಾಗ ಬರುವ ದನಿ ಕೋಮಲ ನಿಷಾದವೆಂದೂ, ಅದೂ ಪೂರ್ತಿ ಅಲ್ಲವೆಂದೂ ತಿಳಿಸಿದರು. ರಾಯಾಪುರ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡಿದೆ.

ಅಂಗಡಿಯ ಹಿಂದೆಯೇ ಅರಫಾತನ ಮನೆ. ಅವನ ತಾಯಿ ರೆಹಮತ್‌ಬಿ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಇವರು ಕುರ್ಚಿ ಒಲ್ಲೆ ಎಂದದ್ದಕ್ಕೆ ಎದ್ದು ಜಮಖಾನ ಹಾಸಿದರು. ಸಕ್ಕರೆ ಇಲ್ಲದ ಚಹಾ ಸ್ಟೀಲ್ ಲೋಟದಲ್ಲಿ ತಂದರು. ಒಲೆಯಿಂದ ಈಗಷ್ಟೇ ಇಳಿದ ಚಹಾ. ನಾನು ಸೆರಗಿನಲ್ಲಿ ಹಿಡಿದೆ. ಇವರು ಎಡಗೈಯಲ್ಲಿ ಸಲೀಸಾಗಿ ಹಿಡಿದುಕೊಂಡು ಕೂತರು. ಸಿತಾರ ಬಾರಿಸಿ ದಡ್ಡುಗಟ್ಟಿದ ಚರ್ಮ, ಇವರಿಗೆ ಬಿಸಿ ಎಲ್ಲಿ ತಾಗಬೇಕು ಎಂದುಕೊಂಡೆ.

ಅರಫಾತ ಗಿಟಾರು ತಂದು ಮುಂದಿಟ್ಟ. ಇವರು ಮುಟ್ಟಲಿಲ್ಲ. ಸುತ್ತ ಒಂದು ಕಣ್ಣು ಹಾಯಿಸಿದರು.

"ಇದರ ಭುಜಕ್ಕ ಯಾರು ಕಚ್ಚ್ಯಾರ?"

"ಏರು ಸ್ವರಕ್ಕ ಕೈ ಹೋಗಲಿ ಅಂತ ಅಲ್ಲಿ ಕಟ್ ಮಾಡಿರತಾರ್ರಿ."

"ಕುಂಬಳಕಾಯಿ ಎಲ್ಲದ?"

"ಇದಕ್ಕ ಸಿತಾರದಂಗ ಬುರುಡೆ ಇರೂದಿಲ್ರಿ. ಪೂರಾ ಕಟಗಿ."

"ಬದೀಗೆ ಇವೇನು ಗುಂಡಿ? ರೇಡಿಯೋ ಏನು?"

"ಮೈಕಿಂದ್ರಿ. ದನಿ ಏರ್ಸಾಕ, ಇಳಸಾಕ. ಒಳಗ ಸೆಲ್ ಐತಿ."

"ವಾದ್ಯಕ್ಕ ಸೆಲ್ಲು!" ಎಂದು ಇವರು ನನ್ನ ಕಡೆ ನೋಡಿದರು, ಸೆಲ್ಲು ನಾನೇ ಹಾಕಿದ್ದೆನೆಂಬಂತೆ. ಆಮೇಲೆ ತಂತಿಗಳನ್ನು ಎಣಿಸಿ, ಮೂರು ತಂತಿ, ಮೂರು ಮೀನು ಹಿಡಿಯುವ ದಾರ ಎಂದು ತೀರ್ಮಾನ ಕೊಟ್ಟರು.

ಎತ್ತಿಕೊಳ್ಳುವುದು ದೊಡ್ಡ ಕಾರುಬಾರಾಯಿತು. ಸಿತಾರ ತೊಡೆಯ ಬದಿಗೆ ಒರಗುತ್ತದೆ. ಗಿಟಾರು ಎದೆಗೆ ಒರಗಬೇಕು. ನಡುವೆ ಇವರ ಹೊಟ್ಟೆ ಇದೆ. ಸಾಧಾರಣ ಹೊಟ್ಟೆಯಲ್ಲ. ಅರಫಾತ ಗಿಟಾರನ್ನು ಆ ಕಡೆ ಈ ಕಡೆ ಹೊರಳಿಸಿ ಕೊನೆಗೆ ಹೊಟ್ಟೆಯ ಮೇಲೆಯೇ ಕೂಡಿಸಿದ. "ಇದನ್ನ ಅಪ್ಪಿಗೊಂಡು ಕೂಡಬೇಕು. ನಾಕ್ ಮಂದಿ ಎದುರು!" ಎಂದು ಇವರು ಗೊಣಗಿದರು. ರೆಹಮತ್‌ಬಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಇವರು ಎಲ್ಲಿಯೂ ಒತ್ತದೆ ತಂತಿಗಳನ್ನು ಒಂದೊಂದಾಗಿ ಮೀಟಿದರು. ನನಗೇನೋ ಛಲೋ ಕೇಳಿತು, ಮೆತ್ತಗೆ, ತುಂಬಿಕೊಂಡು. ಇವರು ತಲೆ ಅಲ್ಲಾಡಿಸಿದರು.

"ಜವಾರಿನ ಇಲ್ಲಲ್ಲೋ ಇದಕ್ಕ. ಹೆಣಾ ಮಾತಾಡಿದಂಗದ."

ಜವಾರಿ ಎಂದರೆ ನಮ್ಮ ತಂತಿವಾದ್ಯಗಳ ಗುಂಯ್ ಎನ್ನುವ ಗುಂಗು. ತಂಬೂರಿಯಲ್ಲಿ ಅದು ಬರಲೆಂದು ಕುದುರೆಯ ಮೇಲೆ, ಅಂದರೆ ತಂತಿ ಕೂಡುವ ಆ ಸಣ್ಣ ಹಲಗೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ದಾರ ಸಿಕ್ಕಿಸುತ್ತಾರೆ. ಆ ಗುಂಗಿಲ್ಲದ ವಾದ್ಯ ನಮ್ಮ ಧಾರವಾಡದ ಸಂಗೀತದ ಮನೆಗಳಲ್ಲಿ ಬರೀ ಕಟ್ಟಿಗೆ. ಹಾಗೆಂದು ಗಿಟಾರಿಗೂ ದಾರ ಹಾಕುತ್ತಾರೆಯೇ? ಇವರು ಹಾಕಿದರು. ನನ್ನ ಸೆರಗಿಗೆ ಕೈ ಹಾಕಿ, ಕೇಳದೆ ಹೇಳದೆ ಒಂದು ಎಳೆ ಕಿತ್ತರು. ಹೊಸ ಸೀರೆ! ಗಿಟಾರಿನ ಕುದುರೆಗೆ ಅದನ್ನು ಸಿಕ್ಕಿಸಲು ಹೋದರೆ ಮೂರು ಸಲ ಜಾರಿತು. ಕೊನೆಗೆ ಕಸಿದುಕೊಂಡು ನಾನೇ ಸಿಕ್ಕಿಸಿದೆ. ಮೀಟಿದರು. ಡಬ್ಬಿಯೊಳಗೆ ಸಿಕ್ಕ ಜೀರುಂಡೆಯಂತೆ ಜರ್ರ್ ಎಂದಿತು.

"ಈಗ ಜೀವಾ ಬಂತು ನೋಡು," ಎಂದರು ಇವರು.

ಅರಫಾತ ಕೆಮ್ಮಿದ. "ನಮ್ಮ ಕಡೆ ಈ ದನಿ ಬಂತಂದ್ರ ರಿಪೇರಿಗೆ ತರತಾರ್ರಿ ಸರ್."

"ನಿಮ್ಮ ಕಡೆ ಕಿವಿ ರಿಪೇರಿ ಮಾಡೂದಿಲ್ಲೇನು?"

"ರೀ, ಸಾಕು," ಎಂದು ನಾನು ದಾರವನ್ನು ಎಳೆದು ತೆಗೆದು ನನ್ನ ಬೆರಳಿಗೆ ಸುತ್ತಿಕೊಂಡೆ. "ಸ್ವರಾ ಹಿಡದು ಬಾರಸ್ರಿ ಮೊದ್ಲ. ಬಂದಾಗಿಂದ ಬರೇ ಮಾತು."

ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬರುತ್ತದೆಯೋ ಎಂದು ಇವರು ಒಂದು ತಂತಿಯನ್ನು ಪಕ್ಕಕ್ಕೆ ಎಳೆದು ನೋಡಿದರು; ನೈಲಾನು ಜಗ್ಗಲಿಲ್ಲ. "ಹಟಮಾರಿ ಅದ ಇದು" ಎಂದರು. ಜೋಡಿ ಒಪ್ಪುತ್ತದೆ ಬಿಡಿ ಎಂದೆ ನಾನು. ಆಗ ಎಡಗೈಯನ್ನು ಗಿಟಾರಿನ ಕತ್ತಿನ ಮೇಲೆ ತಂದು, ಒಂದು ಪರದೆಯ, ಅಂದರೆ ಸ್ವರಕ್ಕೊಂದರಂತೆ ಅಡ್ಡ ಕೂಡಿಸಿದ ಲೋಹದ ಪಟ್ಟಿಯ, ಹಿಂದೆ ತಂತಿ ಒತ್ತಿ, ಮೀಟಿದರು.

ಜರ್ರ್.

"ನೋಡಿದ್ಯಾ? ದಾರಾ ಇನ್ನೂ ಒಳಗ ಅದ."

ಅರಫಾತ ಮೊಬೈಲಿನ ಬೆಳಕು ಬಿಟ್ಟು ಕುದುರೆ ನೋಡಿದ. ಇಲ್ಲ ಎಂದ. ಚೂರಾದರೂ ಉಳಿದಿರುತ್ತದೆ ಎಂದರು ಇವರು. ಅವನು ತಂತಿಗಳ ಕೆಳಗೆ ತೆಳ್ಳನೆಯ ಕಾಗದ ಹಾಯಿಸಿ ಸ್ವಚ್ಛ ಮಾಡಿ ಕೊಟ್ಟ. ಇವರು ಮತ್ತೆ ಒತ್ತಿದರು. ಜರ್ರ್. ಮುಂದಿನ ಪರದೆ, ಜರ್ರ್. ಬೇರೆ ತಂತಿ, ದನಿಯೇ ಬರಲಿಲ್ಲ, ಟಪ್ ಎಂದು ಸತ್ತಿತು. ಅರಫಾತ ಗಿಟಾರು ಇಸಿದುಕೊಂಡು ಅದೇ ಪರದೆಗಳ ಮೇಲೆ ತಾನು ಬಾರಿಸಿದ. ತೊಳೆದಿಟ್ಟ ಪಾತ್ರೆಯಂತೆ ಒಂದೊಂದು ಸ್ವರವೂ ಸ್ವಚ್ಛ ಬಂತು. ವಾಪಸು ಕೊಟ್ಟ. ಇವರು ಒತ್ತಿದರು.

ಜರ್ರ್.

ನಾನು ನನ್ನ ಬೆರಳು ನೋಡಿಕೊಂಡೆ. ದಾರ ಪೂರ್ತಿ ಅಲ್ಲೇ ಇತ್ತು. ಆಮೇಲೆ ಇವರ ಬೆರಳು ನೋಡಿದೆ. ಅದು ತಂತಿಯ ಮೇಲೆ ಅರ್ಧ ಇತ್ತು, ಅರ್ಧ ಹೊರಗಿತ್ತು. ಸಿತಾರಿನ ಮೇಲೆ ಕಣ್ಣು ಮುಚ್ಚಿ ಓಡುತ್ತಿದ್ದ ಬೆರಳು ಅದು. ಒತ್ತುತ್ತಿದ್ದೇನೆ ಎಂದು ಇವರು ತಿಳಿದಿದ್ದರು, ಒತ್ತುತ್ತಿರಲಿಲ್ಲ.

ರೆಹಮತ್‌ಬಿ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು.

"ಗಿಟಾರದ್ದ ದೋಷ ಇದ್ದೀತ್ರಿ ಸರ್," ಎಂದ ಅರಫಾತ, ನೆಲ ನೋಡುತ್ತ. "ಭಾಳ ದಿನ ಕುಂತೈತಲ್ರಿ, ಕತ್ತು ಬಾಗಿರತೈತಿ. ನಾ ಸರಿಮಾಡಿ ಇಡತೇನಿ, ಇನ್ನೊಮ್ಮಿ ಬರ್ರಿ."

"ಸುಮ್ನಿರು ಅರಫಾತ. ಗಿಟಾರ ಛಲೋ ಅದ," ಎಂದರು ಇವರು. "ನನ್ನ ಬೆರಳಿಗೆ ತಂತಿ ಗೊತ್ತಾಗವಲ್ದು."

"ಯಾವಾಗಿಂದ?" ಎಂದೆ.

"ಭಾಳ ದಿನಾ ಆತು."

"ಗಾಯ ಆದ ಮ್ಯಾಲೇನು?"

"ಅದಕ್ಕೂ ಮೊದ್ಲ. ಅದಕ್ಕ ಗಾಯ ಆತು. ತಂತಿ ಕೊಯ್ದದ್ದು ನನಗ ಗೊತ್ತಾಗಲಿಲ್ಲ ಸುಹಾಸಿನಿ. ಪರದೆ ಮ್ಯಾಲೆ ರಕ್ತ ಕಂಡಾಗ ಇದು ಯಾರದು ಅಂತ ನೋಡಿದೆ."

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಇಡೀ ಮಳೆಗಾಲ ಆ ಬೆರಳಿಗೆ ಮುಲಾಮು ಹಚ್ಚಿದವಳು ನಾನು. ಉರಿಯುತ್ತದೇನ್ರೀ ಎಂದು ಕೇಳಿದಾಗಲೆಲ್ಲ ಸ್ವಲ್ಪ ಎನ್ನುತ್ತಿದ್ದರು. ಒಮ್ಮೆ ಹಾ ಎಂದು ಕೈ ಹಿಂದಕ್ಕೂ ಎಳೆದುಕೊಂಡಿದ್ದರು, ನನ್ನ ಸಮಾಧಾನಕ್ಕೆ! ಡಾಕ್ಟರಿಗೂ ಹೇಳಿರಲಿಲ್ಲ.

"ನನಗ ಹೇಳ್ಲಿಕ್ಕೆ ಏನ್ ಧಾಡಿ ಆಗಿತ್ತು ನಿಮಗ?"

"ಹೇಳಿದ್ರ ಖರೇ ಆಗ್ತಿತ್ತು," ಎಂದರು.

ನಾಳೆಯೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇವರು ಗಿಟಾರನ್ನು ಕೆಳಗಿಡುವುದನ್ನೂ ಮರೆತು ಅಪ್ಪಿಕೊಂಡೇ ಕೂತಿದ್ದರು. ಬೇಕೆಂದಲ್ಲ, ಎಲ್ಲಿ ಇಡುವುದೆಂದು ತಿಳಿಯದೆ.

"ಅರಫಾತ, ವೈರ್ ಹಚ್ಚೋ," ಎಂದರು ರೆಹಮತ್‌ಬಿ ಬಾಗಿಲಿನಿಂದ. "ಅಷ್ಟ್ ದೂರಿಂದ ಬಂದಾರ. ಅರ್ಧಾ ನೋಡಿ ಹೋಗತಾರೇನು?"

ಅವನು ಲಗುಬಗೆಯಿಂದ ವೈರನ್ನು ಗಿಟಾರಿನ ಬುಡಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ಪೀಕರಿನ ಡಬ್ಬಕ್ಕೆ ಹಚ್ಚಿ, ಗುಂಡಿ ತಿರುಗಿಸಿದ. ಡಬ್ಬ ಗುಮ್ಮ್ ಎಂದಿತು. ರೆಹಮತ್‌ಬಿಯ ಮಾತಿಗೆ ಇಲ್ಲವೆನ್ನಲಾಗದೆ ಇವರು ದಪ್ಪ ತಂತಿಯೊಂದನ್ನು ಮೀಟಿದರು. ಮನೆಯ ತುಂಬ ದನಿ ತುಂಬಿತು.

ಇವರು ಕೈ ನಿಲ್ಲಿಸಿದರು. ಮತ್ತೊಮ್ಮೆ ಮೀಟಿದರು. ತಲೆ ತಗ್ಗಿಸಿ ತಮ್ಮ ಹೊಟ್ಟೆ ನೋಡಿಕೊಂಡರು.

"ಸುಹಾಸಿನಿ, ಇದು ಇಲ್ಲೆ ಬರ್ಲಿಕತ್ತದ."

"ಎಲ್ಲೆ?"

"ಹೊಟ್ಟ್ಯಾಗ."

ನಾನು ಎದ್ದು ಹೋಗಿ ಅವರ ಹೊಟ್ಟೆಯ ಮೇಲೆ ಕೈ ಇಟ್ಟೆ, ನಾಲ್ಕು ಮಂದಿ ಎದುರು. ಖರೇ ಇತ್ತು. ಗಿಟಾರಿನ ಬೆನ್ನು ನಡುಗುತ್ತಿತ್ತು, ಅದರ ಹಿಂದೆ ಇವರೂ ನಡುಗುತ್ತಿದ್ದರು. ಇವರು ಎಡಗೈ ಕತ್ತಿಗೆ ತಂದು ಒತ್ತಿದರು. ಜರ್ರ್. "ಇದು ಕಚಗುಳಿ ಇಟ್ಟಂಗ ಬರ್ತದ" ಎಂದರು. ಬೆರಳನ್ನು ಕೂದಲೆಳೆ ಸರಿಸಿ ಮತ್ತೆ ಮೀಟಿದರು. ಇನ್ನೂ ಕಚಗುಳಿ. ಇನ್ನಷ್ಟು ಒತ್ತಿ, ಪರದೆಯ ಹತ್ತಿರ ಸರಿಸಿದರು. ಕಚಗುಳಿ ನಿಂತಿತು. ದನಿ ಸ್ವಚ್ಛ ಬಂದು ನೇರ ನನ್ನ ಅಂಗೈಗೆ ಬಡಿಯಿತು. ಇವರು ಕಣ್ಣು ಮುಚ್ಚಿದರು. ಷಡ್ಜ ಆಯಿತು. ಎಷ್ಟೋ ಹೊತ್ತಿಗೆ ರಿಷಭ ಆಯಿತು. ಗಾಂಧಾರಕ್ಕೆ ಬರುವಷ್ಟರಲ್ಲಿ ಹಣೆಯ ಮೇಲೆ ಬೆವರು. ಸಂಗೀತ ಶುರುಮಾಡಿದ ಸಣ್ಣ ಹುಡುಗರು ಇದಕ್ಕಿಂತ ಲಗೂ ಬಾರಿಸುತ್ತಾರೆ. ನಾನು ಇಷ್ಟು ಚಂದದ ಗಾಂಧಾರ ಜನ್ಮದಲ್ಲಿ ಕೇಳಿರಲಿಲ್ಲ. ಇದನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಪಕ್ಕದ ತಂತಿಯನ್ನು ಒತ್ತದೆ ಒಮ್ಮೆ ಮೀಟಿದರು. ಹುಬ್ಬು ಗಂಟಿಕ್ಕಿತು. ಕಣ್ಣು ತೆರೆದರು.

"ಪಂಚಮ ಸ್ವಲ್ಪ ಇಳದದ," ಎಂದರು.

ಅರಫಾತನ ಮುಖ ಸಪ್ಪಗಾಯಿತು. ಅಂದು ನಮ್ಮಪ್ಪನ ಮುಖವೂ ಹೀಗೇ ಆಗಿತ್ತು. "ಹಂಗಾರ ಬ್ಯಾಡೇನ್ರಿ ಸರ್?" ಎಂದ.

ಇವರಿಗೆ ಅದು ಕೇಳಿಸಲಿಲ್ಲ. ಆಗಲೇ ಗಿಟಾರಿನ ತಲೆಗೆ ಕೈ ಚಾಚಿ, ಆ ತಂತಿಯ ಬಿರಡೆ ಹುಡುಕಿ, ತಿರುವತೊಡಗಿದ್ದರು. ಇವರು ಎಳೆ ಕಿತ್ತ ಸೆರಗಿನಿಂದಲೇ ನಾನು ಕಣ್ಣೊರೆಸಿಕೊಂಡೆ.

"ಇದರ ಚೀಲ ಎಲ್ಲದನೋ ಅರಫಾತ?" ಎಂದೆ. "ತಗೊಂಬಾ."